ಹಿಂದೆ ಯಾರೂ ಇಲ್ಲ ಸಾರ್

ಸುಟ್ಟ ರಬ್ಬರಿನ ವಾಸನೆ, ಇಲ್ಲ, ರಬ್ಬರಲ್ಲ, ಇದು ಬೇರೆ, ಗಂಟಲಿಗೆ ಅಂಟಿಕೊಳ್ಳುವಂಥದ್ದು, ಆಂಜಿನಪ್ಪನ ಗ್ರೈಂಡರ್ ಪಿಕಪ್ಪಿನ ಹಿಂದಿನ ಬಾಡಿಯೊಳಗೆ ಅರಚುತ್ತಿದೆ, ತಗಡು ಕೆಡದಿರಲೆಂದು ಹೊಡೆಸಿದ್ದ ಆರು ವರ್ಷದ ಕರಿ ಲೇಪ, ಲೈನರ್, ಪುಡಿಯಾಗಿ ಹಾರಿ ಕೊಟ್ರಪ್ಪನ ತೋಳಿನ ಮೇಲೆ ಕೂರುತ್ತಿದೆ, ದೂರ ಕೂತ್ಕೊಳಣ್ಣ ಅಂದಿದ್ದ ಆಂಜಿನಪ್ಪ, ಕೊಟ್ರಪ್ಪ ಹೋಗಲಿಲ್ಲ, ಎಲ್ಲಿಗೆ ಹೋಗಬೇಕು, ಗಾಡಿ ಪೀಣ್ಯದ ಈ ಶೆಡ್ಡಿನಲ್ಲಿರುವಾಗ ಮಾದನಾಯಕನಹಳ್ಳಿಯ ರೂಮಿನಲ್ಲಿ ಏನಿದೆ, ಒಂದು ಸ್ಟವ್ವು, ಒಂದು ಚಾಪೆ, ಗೂಟದ ಮೇಲೆ ಹೆಂಡತಿ ಚನ್ನಕ್ಕನ ಎರಡು ಸೀರೆ — ಬೇರೆಯವರ ಮನೆ ಸಾಮಾನು ಸಾಗಿಸುವ ಗಾಡಿ, ಲೈನರಿನ ಅಡಿಗೆ ನೀರು ಹೊಕ್ಕು ತಗಡು ತುಕ್ಕು ಹಿಡಿದಿತ್ತು, ಹೋದ ವಾರ ಯಾರದೋ ಹೊಸ ಹಾಸಿಗೆಗೆ ಕಲೆ ಹತ್ತಿ ಕೊಟ್ರಪ್ಪ ಬೈಸಿಕೊಂಡ, ಹಳೇದೆಲ್ಲ ಕೆರೆದು ಹೊಸದು ಹೊಡೀಲೇಬೇಕು ಅಂದ ಆಂಜಿನಪ್ಪ, ಈ ಹಳೇದನ್ನು ಹೊಡೆಸಿದ್ದು ಬೇರೆ ಕಡೆ, ಗಾಡಿ ಕೊಂಡ ವಾರದಲ್ಲೇ, ಆರಿದ ಮೇಲೆ ಚನ್ನಕ್ಕ ಅಂಗೈಯಿಂದ ಸವರಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದ್ದಂಗ ಐತಿ ನೋಡ್ರಿ ಅಂದಿದ್ದಳು, ಅಷ್ಟರಲ್ಲಿ ಗ್ರೈಂಡರ್ ನಿಂತಿತು, ಆಂಜಿನಪ್ಪ ಡ್ರೈವರ್ ಸೀಟಿನ ಹಿಂದಿನ ಮೂಲೆಗೆ ಬೆರಳು ತೋರಿಸುತ್ತಿದ್ದ, ಇಲ್ಲಿ ಮಾತ್ರ ತರಿ ಎಲ್ಲ ಸವೆದು ನುಣ್ಣಗಾಗ್ಬಿಟ್ಟಿದೆ ಕಣಣ್ಣ, ಏನಿಡ್ತಿದ್ರಿ ಇಲ್ಲಿ. ಸಾಮಾನು, ಅಂದ ಕೊಟ್ರಪ್ಪ.

ಸಾಮಾನು — ಯೋಚಿಸಿ ಅಂದದ್ದಲ್ಲ, ನಾಲಿಗೆಗೆ ರೂಢಿ, ಇಷ್ಟು ವರ್ಷದಲ್ಲಿ ಎಷ್ಟು ಸಲ ಅಂದಿಲ್ಲ, ಜಾಲಹಳ್ಳಿ ಕ್ರಾಸಿನಲ್ಲಿ, ವೈಟ್‌ಫೀಲ್ಡ್ ದಾರಿಯಲ್ಲಿ, ಟ್ರಾಫಿಕ್ಕಿನವನು ಕಿಟಕಿ ತಟ್ಟಿ ಹಿಂದೆ ಜನ ಕೂರಿಸಿದ್ದೀಯೇನೋ ಅಂದರೆ ಯಾರೂ ಇಲ್ಲ ಸಾರ್, ಸಾಮಾನು ಅಷ್ಟೆ, ಕೂಲಿಯವರನ್ನು ಇಟ್ಟುಕೊಳ್ಳದೆ ಗಂಡ ಹೆಂಡತಿ ಇಬ್ಬರೇ ಬೀರು ಮಂಚ ಎತ್ತಿ ಇಳಿಸುತ್ತಿದ್ದರು, ಮುಂದಿನ ಸೀಟಿನಲ್ಲಿ ಗಿರಾಕಿ ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ, ಚನ್ನಕ್ಕ ಆ ಮೂಲೆಯಲ್ಲಿ ಮೊಣಕಾಲು ಮಡಚಿ, ಮೇಲೆ ತಾಡಪತ್ರಿ ಎಳೆದುಕೊಂಡು, ಪೊಲೀಸಿನವನ ಸೀಟಿ ಕೇಳಿದೊಡನೆ ಉಸಿರು ಬಿಗಿಹಿಡಿದು, ಸೈಡ್ ಮಿರರ್‌ನಲ್ಲಿ ಕೊಟ್ರಪ್ಪನಿಗೆ ಕಾಣುತ್ತಿದ್ದದ್ದು ತಾಡಪತ್ರಿಯ ಅಂಚು ಹಿಡಿದ ನಾಲ್ಕು ಬೆರಳು ಮಾತ್ರ, ಅದೂ ಕಂಡೀತು, ಒಳಗೆ ತಗೊಳ್ಳೇ ಎಂದು ಮನಸ್ಸಿನಲ್ಲೇ ಗದರುತ್ತಿದ್ದ. ಸಾಮಾನು ಇಳಿಸಿ ತಿರುಗಿ ಬರುವಾಗ ಗಾಡಿ ಖಾಲಿ ಇರುತ್ತಿತ್ತು, ಪಕ್ಕದ ಸೀಟು ಖಾಲಿ, ಒಂದು ಸಂಜೆ ನಾಗಸಂದ್ರ ದಾಟಿದ ಮೇಲೆ ಅವಳು ಹಿಂದಿನ ಗಾಜು ತಟ್ಟಿದಳು, ಮುಂದ ಬಂದು ಕುಂದ್ರಲೇನ್ರಿ, ಸೊಂಟ ಹಿಡದೈತಿ ಅಂದಳು, ಇಲ್ಲೇ ಐತಿ ಮನಿ, ಕುಂದ್ರು ಅಲ್ಲೇ ಅಂದ ಇವನು, ಗಾಡಿ ಬದಿಗೆ ಹಾಕುವುದಕ್ಕೆ ಬೇಸರ, ಅಷ್ಟೇ, ಸಿಟ್ಟೇನೂ ಇರಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ, ಆಮೇಲೆ ಎಂದೂ ಕೇಳಲಿಲ್ಲ, ಹೋದ ವರ್ಷ ಕಾಮಾಲೆ ಬಂದು ಹದಿನೈದು ದಿನಕ್ಕೆ ಹೋಗಿಬಿಟ್ಟಳು, ಆಸ್ಪತ್ರೆಗೆ ಕರೆದೊಯ್ದಾಗ ಮಾತ್ರ ಮುಂದೆ ಕೂತಿದ್ದಳು, ಕಿಟಕಿಗೆ ತಲೆ ಆನಿಸಿ, ಇಲ್ಲಿಂದ ರಸ್ತಿ ಎಷ್ಟು ಚಂದ ಕಾಣ್ತೈತಿ ಅಂದಳು, ಅವನು ಗೇರ್ ಬದಲಿಸಿದ.

ಗ್ರೈಂಡರ್ ಈಗ ಆ ಮೂಲೆಗೇ ಬಂತು, ಕೊಟ್ರಪ್ಪ ಎದ್ದು ಕೈ ಎತ್ತಿದ, ಆಂಜಿನಪ್ಪ ಸ್ವಿಚ್ ಆರಿಸಿ ಏನಣ್ಣ ಅಂದ, ಅದೊಂದು ಮೂಲೆ ಹಂಗ ಬಿಟ್ರ ನಡೀತೈತೇನು ಎಂದು ಕೇಳಿದ, ನಡೆಯುವುದಿಲ್ಲ, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲವಂತೆ, ಮೊದಲ ಮಳೆಗೆ ಅಲ್ಲಿಂದಲೇ ಎದ್ದುಬರುತ್ತದಂತೆ, ಸರಿ, ಮಾಡು ಅಂದ, ಕೂತ, ನುಣುಪೆಲ್ಲ ಎದ್ದು ಬಿಳಿ ತಗಡು ಹೊಳೆಯಿತು, ನೋಡಲಿಲ್ಲ, ನೋಡಿದ, ಆಮೇಲೆ ಸುತ್ತ ಪೇಪರ್ ಅಂಟಿಸಿ, ಮೂತಿಗೆ ಮಾಸ್ಕ್ ಹಾಕಿ, ಆಂಜಿನಪ್ಪ ಲೇಪ ಹೊಡೆಯುವ ಸ್ಪ್ರೇ ಗನ್ ಹಿಡಿದ, ಕೊಟ್ರಪ್ಪನನ್ನು ಹೊರಗೆ ಕಳಿಸಿದ, ಬಾಗಿಲಾಚೆ ಕಾರ್ಖಾನೆಯ ಊಟದ ಸೈರನ್, ನೂರಾರು ಜನ ಡಬ್ಬಿ ಹಿಡಿದು ಹೊರಟರು, ಒಬ್ಬರಾದರೂ ಊಟ ಆಯ್ತೇನಣ್ಣ ಅನ್ನಲಿ ಎಂದು ಯಾಕನ್ನಿಸಿತೋ, ಒಳಗೆ ಕರೆದಾಗ ಬಾಡಿ ಕಪ್ಪಗೆ, ತರಿತರಿಯಾಗಿ, ನಾಲ್ಕೂ ಮೂಲೆ ಒಂದೇ ಥರ, ಸಕ್ಕತ್ತಾಗಿ ಬಂದಿದೆ ಅಣ್ಣ, ನಾಳೆವರ್ಗೂ ಭಾರ ಹಾಕ್ಬೇಡಿ, ಕೊಟ್ರಪ್ಪ ತಲೆಯಾಡಿಸಿದ, ಸಾಮಾನಲ್ಲ ಅಂದ, ಏನು ಅಂದ ಆಂಜಿನಪ್ಪ, ಆ ಮೂಲ್ಯಾಗ ನಾ ಸಾಮಾನು ಇಡ್ತಿರಲಿಲ್ಲ, ನನ್ನ ಹೆಂಡ್ತಿ ಕುಂದ್ರತಿದ್ಲು. ಆಂಜಿನಪ್ಪ ಮಾಸ್ಕ್ ಕೈಯಲ್ಲಿ ಹಿಡಿದು ಮೂಲೆ ನೋಡಿದ, ಇವನ ಮುಖ ನೋಡಿದ, ಈಗೆಲ್ಲವ್ರಣ್ಣ ಅವ್ರು ಎಂದು ಮೆತ್ತಗೆ ಕೇಳಿದ, ಹೇಳಬೇಕು, ಒಂದು ಮಾತು, ಹೇಳಿದರಾಯಿತು, ಬಾಯಿ ತೆರೆದ, ಕಣ್ಣಿಗೆ ಕಟ್ಟಿದ್ದು ಸೈಡ್ ಮಿರರ್, ತಾಡಪತ್ರಿ, ಅದರ ಅಂಚು, ಹೊರಗೆ ಅವಳ ನಾಲ್ಕು ಬೆರಳು —