ಬೆರಿಲ್ ಹೇಳಿಕೊಂಡ ಸ್ವಂತ ಹಿತ

ರಸ್ತೆಯ ಗುಂಡಿ ತೋರಿಸುವುದು ಥಾರ್ನ್‌ಬಿ ಊರಿನ ಕನ್ಸರ್ವೇಟಿವ್ ಪಕ್ಷದಲ್ಲಿ ಹೆಚ್ಚುಕಡಿಮೆ ವ್ರತವಿದ್ದ ಹಾಗೆ. ಗುಂಡಿಯ ಪಕ್ಕ ನಿಲ್ಲಬೇಕು, ಹುಬ್ಬು ಗಂಟಿಕ್ಕಬೇಕು, ಬೆರಳು ಮಾಡಿ ತೋರಿಸಬೇಕು. ಆ ಫೋಟೊ ಕರಪತ್ರದಲ್ಲಿ ಅಚ್ಚಾಗಿ ಮನೆಮನೆಗೆ ಹೋಗಬೇಕು. ಕೌನ್ಸಿಲರ್ ಬೆರಿಲ್ ಹ್ಯಾಲಮ್ ವರ್ಷಗಟ್ಟಲೆ ಹೀಗೆ ಬೆರಳು ತೋರಿಸಿಯೇ ಗೆದ್ದು ಬಂದವಳು. ಕಾರುಗಳ ವೇಗಮಿತಿ ಇಳಿಸುತ್ತೇವೆ ಎಂದವರಿಗೂ ರಸ್ತೆಯಲ್ಲಿ ಬಸ್ಸಿಗೇ ಬೇರೆ ದಾರಿ ಬಿಡಿ ಎಂದವರಿಗೂ ಅವಳಷ್ಟು ಚೆನ್ನಾಗಿ ಬೆವರಿಳಿಸುವವರು ಊರಲ್ಲಿ ಇನ್ನೊಬ್ಬರಿಲ್ಲ.

ಅವತ್ತು ಬೆಳಿಗ್ಗೆ ಚರ್ಚಿನ ಮುಂದೆ ಅವಳು ಬೆರಳು ತೋರಿಸಿ ನಿಂತಳು. ಮೊಬೈಲ್ ಎತ್ತಿ ಹಿಡಿದಿದ್ದ ಪಕ್ಷದ ಕಾರ್ಯದರ್ಶಿ ಕ್ಲೈವ್ ಅದನ್ನು ಮೆಲ್ಲಗೆ ಇಳಿಸಿದ.

"ಬೆರಿಲ್, ಅದು ಮರದ ನೆರಳು. ಗುಂಡಿ ನಿಮ್ಮ ಬಲಗಡೆ ಇದೆ."

"ಗೊತ್ತು ಬಿಡೋ. ಬಿಸಿಲು ಮುಖಕ್ಕೆ ಬೀಳ್ಲಿ ಅಂತ ಹಿಂಗೆ ನಿಂತೆ."

ಕ್ಲೈವ್ ನಗಲಿಲ್ಲ. "ಅಲ್ಲಿ ನಿಂತಿರೋ ಕಾರಿನ ನಂಬರ್ ಓದಿ ನೋಡೋಣ."

ಬೆರಿಲ್ ಪಟಪಟ ಹೇಳಿಬಿಟ್ಟಳು, ಒಂದಕ್ಷರ ತಪ್ಪಿಲ್ಲ.

"ಅದು ಪಾದ್ರಿಗಳ ಕಾರು. ನಿಮಗೆ ಬಾಯಿಪಾಠ. ಪಕ್ಕದ ವ್ಯಾನಿಂದು ಓದಿ."

ಅವಳು ಕಣ್ಣು ಕಿರಿದು ಮಾಡಿದಳು. ಬೆಳ್ಳಗೆ ಏನೋ ಇತ್ತು. ಅದರ ಮೇಲೆ ಕಪ್ಪಗೆ ಏನೋ ಇತ್ತು. ಅಷ್ಟೇ.

"ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ರಾ?"

"ಹೋಗಿದ್ದೆ. ಲೈಸೆನ್ಸ್ ವಾಪಸ್ ಕೊಟ್ಬಿಡಿ ಅಂದ."

"ಅಂದ ಮೇಲೂ ಕಾರು ಓಡಿಸ್ತಿದೀರಾ? ಮಗು ಗಿಗು ಅಡ್ಡ ಬಂದಿದ್ರೆ?"

"ಮತ್ತೆ ಸ್ಟ್ಯಾನ್ಲಿನ ನೋಡೋಕೆ ಯಾರು ಹೋಗ್ತಾರೆ? ನೀನಾ?" ಎಂದು ರೇಗಿದಳು. ರೇಗಿದ ಬಾಯಿಯಲ್ಲೇ ಅಳು ಬಂತು. ಕಾರಿನ ಕೀಲಿಕೈಯನ್ನು ಅವನ ಅಂಗೈ ಮೇಲೆ ಕುಕ್ಕಿದಳು.

ಅವಳ ಗಂಡ ಸ್ಟ್ಯಾನ್ಲಿ ಪಕ್ಕದೂರು ಹಾಕ್ಸ್‌ಬಿಯ ವೃದ್ಧಾಶ್ರಮದಲ್ಲಿದ್ದ. ಮರೆವಿನ ಕಾಯಿಲೆ. ಹೆಂಡತಿಯ ಮುಖವೂ ಅಳಿಸಿಹೋಗಿತ್ತು. ತಾನೇ ಉಜ್ಜಿ ತೊಳೆದು ಸಾಕಿದ, ಈಗ ಬೆರಿಲ್ ಓಡಿಸುತ್ತಿದ್ದ ಹಸಿರು ಕಾರು ಮಾತ್ರ ನೆನಪಲ್ಲಿ ಉಳಿದಿತ್ತು. ದಿನಾ ಕಿಟಕಿಯ ಬಳಿ ಕೂತು ಗೇಟು ಕಾಯುತ್ತಿದ್ದ. ಕಾರು ಒಳಗೆ ತಿರುಗಿದರೆ "ಬೆರಿಲ್ ಬಂದ್ಲು" ಎನ್ನುತ್ತಿದ್ದ. ಅದರಿಂದ ಇಳಿದವಳೇ ಬೆರಿಲ್ ಎಂಬುದು ಅವನ ಲೆಕ್ಕ. ಆ ಲೆಕ್ಕದ ಮೇಲೆ ಅವಳು ಬದುಕಿದ್ದಳು.

ಕಾರು ಬಿಟ್ಟರೆ ಹಾಕ್ಸ್‌ಬಿಗೆ ಇದ್ದದ್ದು ಒಂದೇ ಬಸ್ಸು. ಅದಕ್ಕೆ ಕೌನ್ಸಿಲ್ ಕೊಡುವ ನೆರವನ್ನು ನಿಲ್ಲಿಸಬೇಕೋ ಬೇಡವೋ ಎಂದು ಆ ಮಧ್ಯಾಹ್ನವೇ ಸಭೆ. ನಿಲ್ಲಿಸಿ ಎಂಬ ಠರಾವು ತಂದವಳು ಬೇರೆ ಯಾರೂ ಅಲ್ಲ, ಬೆರಿಲ್ಲೇ.

ಸಭೆಗೆ ಕ್ಲೈವ್‌ನ ಕಾರಿನಲ್ಲಿ ಹೋದರು. ಬೆರಿಲ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ಇಳಿಸಿದಳು, ಏರಿಸಿದಳು, ಚೀಲ ತೆಗೆದಳು, ಮುಚ್ಚಿದಳು.

"ಹಂಗಾದ್ರೆ ಬಸ್ಸಿನ ಪರ ಕೈ ಎತ್ತಿಬಿಡಿ," ಎಂದ ಕ್ಲೈವ್. "ಪಕ್ಷದೋರಿಗೆ ನಾನು ಹೇಳ್ಕೋತೀನಿ."

"ನನಗೆ ಬೇಕಾಯ್ತು ಅಂತ ಖಾಲಿ ಬಸ್ಸಿಗೆ ಜನರ ತೆರಿಗೆ ಸುರೀಬೇಕಾ? ಬೇರೆಯವರು ಅತ್ತಾಗ ಬೇಡ ಅಂದೋಳು ನಾನು. ಇವತ್ತು ಬೇಕು ಅಂದ್ರೆ ನನ್ನ ಮುಖಕ್ಕೆ ನಾನೇ ಉಗೀಬೇಕು."

"ಅಷ್ಟೊಂದೇನೂ ಖಾಲಿ ಇರಲ್ಲ ಅದು."

"ಕರಪತ್ರದಲ್ಲಿ ಖಾಲಿ ಬಸ್ಸಿನ ಫೋಟೊ ಹಾಕಿದ್ದು ನೀನೇ ಅಲ್ವೇನೋ?"

ಕ್ಲೈವ್ ರಸ್ತೆಯನ್ನೇ ನೋಡುತ್ತಾ ಹೇಳಿದ. "ಅದು ಡಿಪೋದಲ್ಲಿ ನಿಂತಿದ್ದಾಗ ತೆಗೆದದ್ದು."

ಬೆರಿಲ್ ಮತ್ತೆ ಕಿಟಕಿ ಇಳಿಸಿದಳು.

ಯಾವ ಸಭೆಯಾದರೂ ಮೊದಲು ಅಧ್ಯಕ್ಷರು ಕೇಳುವ ಒಂದು ಪ್ರಶ್ನೆ ಉಂಟು: ಇವತ್ತಿನ ವಿಷಯದಲ್ಲಿ ಯಾರದಾದರೂ ಸ್ವಂತ ಹಿತ ಇದೆಯೇ? ಇದ್ದವರು ವೋಟು ಹಾಕದೆ ಹೊರಗೆ ಹೋಗಬೇಕು. ಸಾಮಾನ್ಯವಾಗಿ ಎಲ್ಲರೂ ಮೇಜು ನೋಡುತ್ತಾರೆ, ಸಭೆ ಮುಂದಕ್ಕೆ ಹೋಗುತ್ತದೆ. ಹಿಂದಿನ ವರ್ಷ ಇದೇ ಬಸ್ಸಿನ ಮಾತು ಬಂದಾಗ ಬೆರಿಲ್ ಎದ್ದು ನಿಂತು, ಲೇಬರ್ ಪಕ್ಷದ ಗ್ವೆನ್ ಟ್ರಾಂಟರ್‌ಳ ತಾಯಿ ಅದೇ ಬಸ್ಸಿನಲ್ಲಿ ಓಡಾಡುತ್ತಾಳೆಂದು ಗದ್ದಲ ಮಾಡಿ ಅವಳನ್ನು ಹೊರಗೆ ಕಳಿಸಿದ್ದಳು. ಗ್ವೆನ್ ಅತ್ತುಕೊಂಡೇ ಹೋಗಿದ್ದಳು. ಆ ತಾಯಿ ಈಗಿಲ್ಲ.

ಅಧ್ಯಕ್ಷರು ಕೇಳಿದರು. ಬೆರಿಲ್ ಎದ್ದಳು. ಹೇಳದೆ ಕೂತಿದ್ದರೆ ಕ್ಲೈವ್ ಬಿಟ್ಟು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನನ್ನದಿದೆ. ನಾನಿನ್ನು ಕಾರು ಓಡಿಸೋ ಹಾಗಿಲ್ಲ. ನನ್ನ ಗಂಡನ್ನ ನೋಡೋಕೆ ಈ ಬಸ್ಸೇ ಗತಿ."

ಎದುರು ಸಾಲಿನಿಂದ ಗ್ವೆನ್ ಹೇಳಿದಳು: "ಕೂತ್ಕೊಳ್ಳಿ ಬೆರಿಲ್. ಇಷ್ಟಕ್ಕೆಲ್ಲ ಯಾರೂ ಆಚೆ ಹೋಗ್ಬೇಕಾಗಿಲ್ಲ. ಕೂತು ಬಸ್ಸಿನ ಪರ ಕೈ ಎತ್ತಿ."

"ನಿನ್ನ ಆಚೆ ಕಳಿಸಿದ್ದು ನಾನೇ ಅಲ್ವಾ? ನಿನಗೊಂದು ನ್ಯಾಯ, ನನಗೊಂದಾ?"

ಹೊರಗೆ ಬಂದಳು. ಮೊಂಡುತನ ಎನ್ನಿ, ಮರ್ಯಾದೆ ಎನ್ನಿ; ಅವಳಿಗೆ ಅದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದಳು. ಬಾಗಿಲಿಗೆ ಕಿವಿಯಿಟ್ಟಳು, ನಾಚಿಕೆಯಾಗಿ ಹಿಂದೆ ಸರಿದಳು.

ಕೊನೆಗೆ ಕ್ಲೈವ್ ಬಂದ. "ಎರಡೂ ಕಡೆ ಸಮ ಬಿತ್ತು. ಅಧ್ಯಕ್ಷರು ತಮ್ಮ ವೋಟು ಹಾಕಿ ಬಸ್ಸು ನಿಲ್ಲಿಸಿದ್ರು." ಹಿಂದೆ ಬಾಗಿಲು ಮುಚ್ಚಿ ಸೇರಿಸಿದ, "ನಿಮ್ಮ ಠರಾವು ಗೆಲ್ತು."

"ಯಾವತ್ತಿಂದ?"

"ತಿಂಗಳ ಕೊನೆವರೆಗೂ ಓಡುತ್ತೆ. ಬನ್ನಿ, ನಾನೇ ಬಿಟ್ಟು ಬರ್ತೀನಿ."

"ಇವತ್ತು ಬಿಡ್ತೀಯ. ಆಮೇಲೆ?" ಅವಳು ಕೋಟು ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದಳು.

ಬಸ್ಸು ಖಾಲಿ ಇರಲಿಲ್ಲ. ಯಾರೋ ಒಬ್ಬಾಕೆ ತನ್ನ ತರಕಾರಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಿಲ್‌ಗೆ ಜಾಗ ಮಾಡಿಕೊಟ್ಟಳು.

ಸ್ಟ್ಯಾನ್ಲಿ ಕಿಟಕಿಯ ಬಳಿ ಕೂತಿದ್ದ. ಬೆರಿಲ್ ಗೇಟಿನಿಂದ ನಡೆದು ಬಂದದ್ದನ್ನು ನೋಡಿಯೂ ಅವನು ಗೇಟನ್ನೇ ಕಾಯುತ್ತಿದ್ದ. ಅವಳು ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಅವನ ಕೈ ಹಿಡಿದಳು. ಅವನು ಸಭ್ಯವಾಗಿ ಕೈ ಬಿಡಿಸಿಕೊಂಡ.

"ತಪ್ಪು ತಿಳ್ಕೋಬೇಡಿ. ಇದು ನನ್ನ ಹೆಂಡ್ತಿ ಜಾಗ. ಇನ್ನೇನು ಬಂದ್ಬಿಡ್ತಾಳೆ."

ಬೆರಿಲ್ ಗೇಟಿನ ಕಡೆ ತಿರುಗಿದಳು. ಅವಳ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಬರ್ಲಿ," ಎಂದಳು. "ಬಂದ ತಕ್ಷಣ ಎದ್ದು ಆಚೆ ಹೋಗ್ತೀನಿ."