ಹೂಂಗುಟ್ಟುವ ಲಜಾರ್

ಮಾಡದ ತಪ್ಪಿಗೆ ಜೈಲು ಸೇರಿದ ಮೂಲನಿವಾಸಿಗಳ ಪರವಾಗಿ ಪುಕ್ಕಟೆ ವಾದಿಸುವುದು ವಕೀಲೆ ಡೆಲ್ಫೀನ್ ಮುಸ್ಕೀಗೋಳ ಕೆಲಸ. ಆಕೆಯೂ ಕ್ರೀ ಎಂಬ ಮೂಲನಿವಾಸಿ ಜನದವಳೇ. ಸಸ್ಕಾಚೆವನ್ ಪ್ರಾಂತ್ಯದ ಒಂದು ಜೈಲಿನಲ್ಲಿ ಕೈದಿಗಳಿಗೆ ಗಂಟಲು ಒಣಗುವಷ್ಟು ಕಾನೂನು ಹೇಳಿ, ಕೊನೆಗೆ, "ತಪ್ಪೇ ಮಾಡದೆ ಒಳಗೆ ಬಂದೋರು ಯಾರಿದೀರಿ? ಕೈ ಎತ್ತಿ" ಎಂದಳು.

ಒಂದು ಕೈಯೂ ಮೇಲೇಳಲಿಲ್ಲ. ಆಕೆ ತಂದಿದ್ದ ಬ್ಯಾನಕ್ ರೊಟ್ಟಿಯಲ್ಲಿ ಕೈಗಳೆಲ್ಲ ಬ್ಯುಸಿಯಾಗಿದ್ದವು.

"ಸುಳ್ಳು ಯಾಕೆ ಹೇಳ್ಲಿ ತಂಗಿ, ನಾನು ಮಾಡೇ ಬಂದೋನು," ಎಂದ ಮುದುಕ ಹೊರೇಸ್. "ಇವರೂ ಅಷ್ಟೇ. ಆದ್ರೆ ಆ ಮೂಲೇಲಿ ಕೂತಿದಾನಲ್ಲ ಲಜಾರ್, ಅವನನ್ನ ನೋಡು. ಪಟ್ಟಣದಲ್ಲಿ ದರೋಡೆಕೋರರ ಕಾರು ಓಡಿಸ್ದ ಅಂತ ಶಿಕ್ಷೆ. ಆ ಪುಣ್ಯಾತ್ಮನಿಗೆ ಒಗೆಯೋ ಬಟ್ಟೆ ಗಾಡಿ ತಳ್ಳೋಕೂ ಬರಲ್ಲ. ನಿನ್ನೆ ನನ್ನ ಕಾಲ ಮೇಲೇ ಹತ್ತಿಸ್ದ!"

ಎಲ್ಲರೂ ಗೊಳ್ಳೆಂದರು. ಲಜಾರ್ ಕೂಡ ನಕ್ಕ.

ಡೆಲ್ಫೀನ್ ಅವನ ಪಕ್ಕದಲ್ಲಿ ಕೂತು, "ಕಾರು ಓಡಿಸಿದ್ದು ನೀವೇನಾ?" ಎಂದಳು.

"ಹೂಂ."

"ಅಂದ್ರೆ, ಓಡಿಸಿಲ್ವಾ?"

"ಹೂಂ."

ಡೆಲ್ಫೀನ್‌ಗೆ ತನ್ನ ತಾತ ನೆನಪಾದ. ಸರ್ಕಾರಿ ಮಂದಿ ಏನೇ ಕೇಳಲಿ, ಹೂಂ ಎಂದುಬಿಟ್ಟರೆ ಬೇಗ ತೊಲಗುತ್ತಾರೆ ಎಂಬುದು ಆ ತಲೆಮಾರಿನವರ ನಂಬಿಕೆ. ಪೊಲೀಸರಿಗೂ ಲಜಾರ್ ಹೂಂ ಎಂದಿದ್ದ. 'ತಪ್ಪೊಪ್ಪಿಕೋ, ಕಡವೆ ಬೇಟೆಯ ಹೊತ್ತಿಗೆ ಮನೆ ಸೇರ್ತೀಯ' ಎಂದ ವಕೀಲನಿಗೂ ಅದನ್ನೇ ಹೇಳಿದ್ದ.

ಆಕೆ ಇಂಗ್ಲಿಷ್ ಬಿಟ್ಟು ಕ್ರೀ ಮಾತಿಗಿಳಿದಳು. "ಅಣ್ಣಾ, ದರೋಡೆ ಆದ ಸಂಜೆ ನಿನಗೇನಾಯ್ತು, ಕಥೆ ಥರ ಹೇಳು."

ಲಜಾರನ ಮುಖ ಕೆಂಪೇರಿತು. "ನಮ್ಮೂರಲ್ಲಿ ಮದುವೆ ಇತ್ತು. ಅಜ್ಜಿಯ ಟ್ರಕ್ಕನ್ನ ನೆರಳಿಗೆ ನಿಲ್ಲಿಸ್ತೀನಿ ಅಂತ ಹತ್ತಿದೆ. ಅದು ಹಿಂದಕ್ಕೆ ಹೋಗಿ ಕೆರೆಗೆ ಬಿತ್ತು."

ಡೆಲ್ಫೀನ್ ಮರುದಿನವೇ ಅವನ ಊರಿಗೆ ಹೋದಳು. ಅಜ್ಜಿ ಫಿಲೊಮಿನ್ ಬಾಗಿಲಲ್ಲೇ ಸಿಡುಕಿದಳು. "ನನ್ನನ್ನ ಯಾರು ಕೇಳಿದ್ರೇ ತಾಯಿ? ನನ್ನ ಟ್ರಕ್ ಹಾಳಾದ ಕಥೆ ಊರಿಗೆಲ್ಲ ಸಾರಿದೀನಿ. ಮದುವೆ ವಿಡಿಯೋದಲ್ಲೂ ಇದೆ. ನೋಡು, ಕಣ್ತುಂಬ ನೋಡು!"

ಪಿಟೀಲು ಸದ್ದಿನ ನಡುವೆ, ಮುಳುಗುತ್ತಿದ್ದ ಟ್ರಕ್ಕಿನ ತಲೆಯ ಮೇಲೆ ಲಜಾರ್ ನಿಂತಿದ್ದ. ದಡದಲ್ಲಿ ಮದುಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದೇ ಸಂಜೆ ದರೋಡೆಯಾದ ಪಟ್ಟಣ ಅಲ್ಲಿಂದ ಅರ್ಧ ದಿನದ ದಾರಿ.

ಮೇಲಿನ ಕೋರ್ಟಿನಲ್ಲಿ ಆ ವಿಡಿಯೋ ಓಡಿದಾಗ ನ್ಯಾಯಾಧೀಶೆ ನಗು ತಡೆಯಲು ತುಟಿ ಕಚ್ಚಿಕೊಂಡು ಕೂತಿದ್ದರು. ಆಮೇಲೆ ಕೇಳಿದರು: "ನೀವು ತಪ್ಪೊಪ್ಪಿಕೊಂಡಿದ್ದು ಎಲ್ಲ ತಿಳಿದೇ ತಾನೇ?"

"ಹೂಂ," ಎಂದ ಲಜಾರ್.

ತಿಳಿದೇ ಒಪ್ಪಿದ್ದರೆ ಆ ತಪ್ಪೊಪ್ಪಿಗೆಯನ್ನು ಅಳಿಸುವುದು ಕಷ್ಟ. ಹಿಂದಿನ ಸಾಲಿನಿಂದ ಅಜ್ಜಿ, "ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದಳು.

"ಅಮ್ಮಾವ್ರೇ, ಒಂದೇ ಒಂದು ಪ್ರಶ್ನೆಗೆ ಅಪ್ಪಣೆ ಕೊಡಿ," ಎಂದು ಡೆಲ್ಫೀನ್ ಎದ್ದಳು. "ಲಜಾರ್, ಈ ನ್ಯಾಯಾಧೀಶರು ಹೋದ ವರ್ಷ ನಿಮ್ಮ ಜೊತೆ ಬಾತುಕೋಳಿ ಬೇಟೆಗೆ ಬಂದಿದ್ರು, ಅಲ್ವಾ?"

ಲಜಾರ್ ನ್ಯಾಯಾಧೀಶೆಯ ಕಡೆ ನೋಡಿ ವಿನಯದಿಂದ ತಲೆಯಾಡಿಸಿದ. "ಹೂಂ."

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. "ನಾನಿನ್ನೂ ಬಂದೂಕು ಮುಟ್ಟಿದೋಳೇ ಅಲ್ಲ," ಎಂದವರ ದನಿಯಲ್ಲಿ ನಗು ಇರಲಿಲ್ಲ. ಶಿಕ್ಷೆ ರದ್ದಾಯಿತು.

ಅಜ್ಜಿಯನ್ನೂ ಲಜಾರನನ್ನೂ ಕೂರಿಸಿಕೊಂಡು ಊರಿಗೆ ಹೋಗುವಾಗ ಡೆಲ್ಫೀನೇ ಕಾರು ಓಡಿಸಿದಳು. ಗೋಧಿ ಹೊಲಗಳ ನಡುವೆ ಲಜಾರ್ ನಿಲ್ಲಿಸಲು ಹೇಳಿ ಇಳಿದ. ಗಾಳಿಗೆ ಮುಖವೊಡ್ಡಿ ನಿಂತವನು ಇದ್ದಕ್ಕಿದ್ದಂತೆ ಬಿಕ್ಕತೊಡಗಿದ. ಅಜ್ಜಿ ಕೆಳಗಿಳಿದು, ಅವನ ಜೈಲಿನ ತೆಳು ಜಾಕೆಟ್ಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿದಳು.