ಮುತ್ತಪ್ಪ ಕಟ್ಟಿದ ಗಾಳಿಯ ಸೇತುವೆ

ಮುತ್ತಪ್ಪ ಸುಳ್ಳುಗಾರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತಾರು ವರ್ಷ ಭೌತಶಾಸ್ತ್ರ ಕಲಿಸಿದವಳಿಗೆ ಫಲಿತಾಂಶವನ್ನು ಕೊನೆಯ ಪುಟಕ್ಕೆ ಬಚ್ಚಿಡುವ ಚಟವಿಲ್ಲ. ಲಾಭಕ್ಕಾಗಿ ಸುಳ್ಳು ಹೇಳುವವರನ್ನು ಬಹಳ ಕಂಡಿದ್ದೇನೆ, ಹೆದರಿ ಹೇಳುವವರನ್ನು ಇನ್ನೂ ಹೆಚ್ಚು. ಮುತ್ತಪ್ಪ ಈ ಎರಡೂ ಜಾತಿಗೆ ಸೇರಿದವನಲ್ಲ. ಎಲೆಯಡಿಕೆಯ ಚಟವಿದ್ದವರ ಹಾಗೆ, ಬಾಯಿ ಬರಿದಾಗಿರಬಾರದೆಂದು ಸುಳ್ಳು ಹೇಳುತ್ತಿದ್ದ. ಪ್ರತಿಯೊಂದು ಸುಳ್ಳಿಗೂ ಮುನ್ನ ‘ಖರೆ ಹೇಳ್ತೇನ್ರಿ ಬಾಯಾರ’ ಎನ್ನುತ್ತಿದ್ದುದರಿಂದ ಕೇಳುವವರಿಗೆ ಒಂದು ಅನುಕೂಲವೂ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಾಗಲಕೋಟೆಯ ನಮ್ಮ ಕಾಲೇಜಿಗೆ ಬರಬೇಕಾದವನಿಗೆ ಹನ್ನೊಂದಕ್ಕೆ ಫೋನ್ ಮಾಡಿದರೆ, ‘ಖರೆ ಹೇಳ್ತೇನ್ರಿ, ತುಳಸಿಗೇರಿ ದಾಟೇನಿ’ ಎಂಬ ಉತ್ತರ ಬರುತ್ತಿತ್ತು. ಅದರ ಹಿಂದಿನಿಂದ ಇಳಕಲ್ಲಿನ ಪವರ್‌ಲೂಮುಗಳ ಕಟಕಟ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಇಳಕಲ್ಲಿನಿಂದ ಬಾಗಲಕೋಟೆಗೆ ಬರುವ ದಾರಿಯಲ್ಲಿ ತುಳಸಿಗೇರಿ ಇಲ್ಲವೇ ಇಲ್ಲ.

ನೇಕಾರರ ಮನೆಯವನು. ಬಿರುಬೇಸಗೆಯಲ್ಲೂ ಕಂದು ಬಣ್ಣದ ಉಣ್ಣೆಯ ಕೋಟು ತೊಡುತ್ತಿದ್ದ; ಅದರ ಕಿಸೆಗಳಲ್ಲಿ ಪಾನಾ, ಇಕ್ಕಳ, ಕಪ್ಪು ಟೇಪು, ಅರ್ಧ ತಿಂದ ಶೇಂಗಾ. ಆ ಕೋಟನ್ನು ಪುಣೆಯ ಸೇನಾಧಿಕಾರಿಯೊಬ್ಬ ಕೊಟ್ಟನೆಂದು ನನಗೂ, ಮದುವೆಯಲ್ಲಿ ಮಾವ ಹೊಲಿಸಿದನೆಂದು ನಮ್ಮ ಸಂಸ್ಥೆಯ ಕಾರ್ಯದರ್ಶಿ ಶಿವಪುತ್ರ ಅವರಿಗೂ ಹೇಳಿದ್ದ. ಅವನಿಗೆ ಮದುವೆಯಾಗಿರಲಿಲ್ಲ. ನಡೆಯುವಾಗ ಕಣ್ಣು ಯಾವಾಗಲೂ ಮಾಳಿಗೆ, ಕಂಬ, ಗಿಡದ ತುದಿಗಳ ಮೇಲಿರುತ್ತಿದ್ದುದರಿಂದ ಕಾಲು ಕಂಡಕಂಡ ಕಲ್ಲಿಗೆ ಎಡವುತ್ತಿತ್ತು.

ತಾಯಿ ತೀರಿಕೊಂಡಳೆಂದು ಒಂದೇ ಬೇಸಗೆಯಲ್ಲಿ ಎರಡು ಸಲ ಕೆಲಸ ತಪ್ಪಿಸಿದ್ದ. ಎರಡನೆಯ ಸಾವಿನ ಮರುವಾರ ಮುದುಕಿಯೊಬ್ಬಳು ರೊಟ್ಟಿಯ ಗಂಟು ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದು, ‘ನಾ ಮುತ್ತಪ್ಪನ ಅವ್ವ ರಂಗವ್ವರಿ, ನಮ್ಮಾಂವ ಬಂದಾನೇನ್ರಿ?’ ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ವಿಷಯ ತಿಳಿದು ಅವಳೇನೂ ಬೆಚ್ಚಲಿಲ್ಲ. ‘ಸಣ್ಣಾಂವಿದ್ದಾಗ ಮಗ್ಗದ ನೂಲ ಹರದು, ಬೆಕ್ಕು ಹರದೈತಿ ಅಂದಿದ್ದರಿ. ನಮ್ಮ ಓಣ್ಯಾಗ ಬೆಕ್ಕ ಇರಲಿಲ್ಲ,’ ಎಂದಳು. ಅವನನ್ನು ಕರೆಸಿ ಕೇಳಿದೆ. ‘ಆಕಿಗೆ ಭಾಳ ಆರಾಮ ಇರಲಿಲ್ರಿ ಬಾಯಾರ. ನಾ ಸ್ವಲ್ಪ ಮುಂದ ಹೋಗಿ ಹೇಳಿದೆ,’ ಎಂದ.

ಇಂಥವನ ಕೈಗೆ ನಾನು ಮೂವತ್ತನಾಲ್ಕು ಹುಡುಗಿಯರ ಭವಿಷ್ಯ ಕೊಟ್ಟಿದ್ದೆ. ಅದು ೨೦೦೬ನೇ ಇಸವಿ. ನಮ್ಮ ಮಹಿಳಾ ಕಾಲೇಜು ಹಳೆ ಬಾಗಲಕೋಟೆಯಲ್ಲಿ ಆಲಮಟ್ಟಿ ಅಣೆಕಟ್ಟಿನ ನೀರಿಗೆ ಮುಳುಗದೆ ಉಳಿದ ಓಣಿಯೊಂದರಲ್ಲಿತ್ತು. ನಾನು ಅದರ ಪ್ರಾಚಾರ್ಯಳಾಗಿದ್ದೆ. ಹಿನ್ನೀರಿನ ಆಚೆ ದಂಡೆಯ ಪುನರ್ವಸತಿ ಊರಿನಲ್ಲಿ, ಮನೆ ಕಳೆದುಕೊಂಡವರ ಹೆಣ್ಣುಮಕ್ಕಳಿಗಾಗಿ ಕಂಪ್ಯೂಟರ್ ಪದವಿ ತರಗತಿ ತೆರೆದಿದ್ದೆವು. ಪ್ರಯೋಗಾಲಯದಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ವಿಶ್ವವಿದ್ಯಾಲಯ ಮಾನ್ಯತೆ ಕೊಡುವುದಿಲ್ಲ. ಆ ಊರಿಗೋ ಟೆಲಿಫೋನ್ ತಂತಿಯೇ ಮುಟ್ಟಿರಲಿಲ್ಲ. ಮಾನ್ಯತೆ ತಪ್ಪಿದರೆ ಹುಡುಗಿಯರು ಮನೆಗೆ. ಅಲ್ಲಿ ಅವರಿಗಾಗಿ ಕಾಯುತ್ತಿದ್ದದ್ದು ಇನ್ನೊಂದು ಕಾಲೇಜಲ್ಲ, ವರ.

ಉಳಿದದ್ದು ಒಂದೇ ದಾರಿ: ಇಲ್ಲಿಯ ಮಾಳಿಗೆಯ ಮೇಲೊಂದು ಡಿಶ್, ಅಲ್ಲಿಯ ಮಾಳಿಗೆಯ ಮೇಲೊಂದು ಡಿಶ್, ಎರಡೂ ಒಂದನ್ನೊಂದು ದಿಟ್ಟಿಸುವಂತೆ ನಿಲ್ಲಿಸಿ, ಇಲ್ಲಿಯ ಇಂಟರ್ನೆಟ್ಟನ್ನು ಗಾಳಿಯಲ್ಲಿ ಅಲ್ಲಿಗೆ ದಾಟಿಸುವುದು. ರಸ್ತೆಯಲ್ಲಿ ಹದಿನಾರು ಕಿಲೋಮೀಟರು, ನೇರವಾಗಿ ಐದು. ಹುನಗುಂದದ ಕಲ್ಲುಗಣಿಯೊಂದಕ್ಕೆ ಇಂಥದನ್ನು ಕಟ್ಟಿಕೊಟ್ಟಿದ್ದನೆಂದು ಮುತ್ತಪ್ಪನನ್ನು ಕರೆಸಿದ್ದೆವು. ವಿಚಾರಿಸಿದಾಗ ಅದು ನಿಜವೇ ಆಗಿತ್ತು, ನನಗೆ ಆಶ್ಚರ್ಯವಾಯಿತು.

ಮೇ ತಿಂಗಳಲ್ಲಿ ಕಟ್ಟಿದ. ನೀರು ದೂರ ಸರಿದು, ನಡುವಿನ ನೆಲದಲ್ಲಿ ಜನ ಸೌತೆ ಬಳ್ಳಿ ಹಾಕಿದ್ದರು. ಆಚೆ ದಂಡೆಯಿಂದ ನಮ್ಮ ಜವಾನ ಇಬ್ರಾಹಿಂಸಾಬ ಗಡ್ಡ ಹೆರೆಯುವ ಕನ್ನಡಿಯಲ್ಲಿ ಬಿಸಿಲು ಹಿಡಿದು ಮಿಂಚಿಸಿದ. ಆ ಮಿಂಚಿನ ಕಡೆಗೆ ಇಲ್ಲಿಯ ಡಿಶ್ ತಿರುಗಿತು. ಆಮೇಲೆ ಅಲ್ಲಿಯ ಪರದೆಯ ಮೇಲಿನ ಅಂಕಿ ನೋಡಿ ಹೇಳುವುದು ಸಾಬನ ಕೆಲಸ. ಅಂಕಿ ಇಳಿದಷ್ಟೂ ಒಳ್ಳೆಯದು. ಫೋನನ್ನು ನಂಬದ ಸಾಬ ಐದು ಕಿಲೋಮೀಟರನ್ನೂ ತಾನೇ ಕೂಗಿ ದಾಟಿಸುವವನಂತೆ ಒದರುತ್ತಿದ್ದುದರಿಂದ ಮಾಳಿಗೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

‘ಎಷ್ಟಲೇ ಸಾಬಾ?’

‘ಎಂಬತ್ತೆಂಟು!’

‘ಈಗ?’

‘ಎಪ್ಪತ್ತು... ತಡೀಲೇ, ದಾಟಿಸಿದಿ. ಹಿಂದಕ ಬಾ!’

‘ಕೂದಲಷ್ಟ ಸರಿಸ್ತೇನಿ ನೋಡು.’

‘ನಿನ್ನ ಕೂದಲದ ಲೆಕ್ಕಕ್ಕ ಸರಸು. ನನ್ನ ತಲಿಮ್ಯಾಗ ಒಂದೂ ಉಳದಿಲ್ಲ!’

ಅರವತ್ತೊಂದಕ್ಕೆ ಬಂದು ನಿಂತಿತು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಆಗಸ್ಟಿನಲ್ಲಿ ಆಲಮಟ್ಟಿಯಲ್ಲಿ ನೀರು ತುಂಬಿತು, ಸೌತೆ ಬಳ್ಳಿ ಮುಳುಗಿತು, ಸಂಪರ್ಕ ಕೆಟ್ಟಿತು. ಬೆಳಿಗ್ಗೆ ಇದ್ದರೆ ಮಧ್ಯಾಹ್ನ ಇಲ್ಲ. ಇದೇ ನೀರಿಗೆ ಮನೆ, ದೇವಸ್ಥಾನ, ಹೆತ್ತವರ ಸಮಾಧಿ ಕೊಟ್ಟ ಊರಿನವರು ನಾವು. ನಡುವೆ ನೀರು ಬರುತ್ತದೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಡಿಶ್‌ಗಳ ಕಂಬಗಳನ್ನು ಹತ್ತಡಿ ಎತ್ತರಿಸಲು ಹೇಳಿದೆ. ಮುತ್ತಪ್ಪ ಎತ್ತರಿಸಿದ. ಇನ್ನೂ ಕೆಟ್ಟಿತು.

ತಪಾಸಣಾ ಸಮಿತಿ ಬರಲು ಎರಡು ದಿನವಿದ್ದಾಗ ಅವನು ನನ್ನನ್ನು ಮಾಳಿಗೆಗೆ ಕರೆದೊಯ್ದು, ಕಟ್ಟೆಗೋಡೆಯ ಹಿಂದೆ ನಿಲ್ಲಿಸಿ, ‘ಕುಂದರ್ರಿ,’ ಎಂದ.

‘ಏನಂದಿ?’

‘ಕುಂದರ್ರಿ ಬಾಯಾರ, ಮೊಣಕಾಲ ಮ್ಯಾಲ.’

ಪ್ರಾಚಾರ್ಯಳಾದ ಮೇಲೆ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಕುಳಿತೆ.

‘ಆಚಿ ದಂಡಿ ಕಾಣತೈತೇನ್ರಿ?’

‘ಕಾಣತೈತಿ.’

‘ನೀರು?’

‘ಇಲ್ಲ. ಗ್ವಾಡಿ ಅಡ್ಡ ಬಂತು.’

‘ಡಿಶ್ಶನ್ನೂ ಹಿಂಗ ಕುಂದರಸೂಣ್ರಿ. ನೀರು ಕನ್ನಡಿ ಆಗೈತಿ. ಒಂದು ಸಿಗ್ನಲ್ ನೇರ ಹೋಗತೈತಿ, ಇನ್ನೊಂದು ನೀರಿಗೆ ಬಡದು ಹೋಗತೈತಿ, ಎರಡೂ ಅಲ್ಲಿ ಗುದ್ದಾಡಿ ಸಾಯ್ತಾವು.’

ಲಾಯ್ಡನ ಕನ್ನಡಿ ಎಂಬ ಹೆಸರಿನಲ್ಲಿ ಇದೇ ಚಿತ್ರವನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆದವಳು: ಒಂದು ಅಲೆ ನೇರ, ಇನ್ನೊಂದು ಪ್ರತಿಫಲಿಸಿ, ಎರಡೂ ಕೂಡಿದಲ್ಲಿ ಕತ್ತಲೆಯ ಪಟ್ಟಿ. ಮೂವತ್ತಾರು ವರ್ಷ ಬರೆದದ್ದು ಕಿಟಕಿಯ ಹೊರಗೆ ಮೈಲುಗಟ್ಟಲೆ ಹರಡಿಕೊಂಡಿದ್ದರೂ ಕಂಡಿರಲಿಲ್ಲ. ‘ನಾಕ ದಿನ ಬೇಕ್ರಿ,’ ಎಂದ ಮುತ್ತಪ್ಪ. ‘ಎರಡೂ ಕಡೆ ಹೊಸ ಕಾಲು ಬೆಸಿಬೇಕು.’

ನಮ್ಮ ಕೈಯಲ್ಲಿ ನಾಲ್ಕು ದಿನ ಉಳಿದಿರಲಿಲ್ಲ. ಶಿವಪುತ್ರ ಅವರು ಉಪಾಯ ಹೂಡಿದರು. ‘ಇಂಟರ್ನೆಟ್ಟಿನ ಒಂದಿಪ್ಪತ್ತು ಪುಟ ಆಚಿ ದಂಡಿ ಕಂಪ್ಯೂಟರಿನ್ಯಾಗ ತುಂಬಿಡೋ ಮುತ್ತಪ್ಪ. ಒತ್ತಿದ ಕೂಡ್ಲೆ ತೆಗದ್ರ ಸಾಕು. ಅವರಿಗೇನ ಗೊತ್ತಾಕ್ಕೈತಿ?’

‘ಆತ್ರಿ,’ ಎಂದ ಅವನು, ತನ್ನ ಸ್ವಂತ ಕಸುಬಿಗೆ ಕರೆ ಬಂದವನ ಉತ್ಸಾಹದಲ್ಲಿ.

ಇಬ್ಬರೂ ನನ್ನ ಮುಖ ನೋಡಿದರು. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಹುಡುಗಿಯರನ್ನು ಮುಲಾಜಿಲ್ಲದೆ ಹೊರಗೆ ಹಾಕಿದವಳು ನಾನು. ಬೇಡ ಎನ್ನಲಿಲ್ಲ.

ಸಮಿತಿಯ ಮೂವರು ಪುನರ್ವಸತಿ ಊರಿನ ಪ್ರಯೋಗಾಲಯಕ್ಕೆ ಬಂದರು. ಪುಟಗಳು ಒಂದರ ಹಿಂದೊಂದು ತೆರೆದುಕೊಂಡವು. ಅಧ್ಯಕ್ಷರು ಪ್ರಸನ್ನರಾಗಿ ಕಡತ ಮುಚ್ಚುವವರು, ಸುಮ್ಮನೆ ಒಂದು ಮಾತೆಂಬಂತೆ, ಕಂಪ್ಯೂಟರಿನ ಮುಂದೆ ಕುಳಿತಿದ್ದ ವಿದ್ಯಾರ್ಥಿನಿ ದಾನೇಶ್ವರಿಯನ್ನು ಕೇಳಿದರು: ‘ಇದೆಲ್ಲ ಈಗಲೇ ಹಳೆ ಬಾಗಲಕೋಟೆಯಿಂದ ಬರುತ್ತಿದೆಯೇನಮ್ಮಾ?’

ಹುಡುಗಿಗೆ ಎಲ್ಲ ಗೊತ್ತಿತ್ತು. ಅವಳು ನನ್ನ ಕಡೆ ನೋಡಿದಳು. ನಾನು ಗಡಿಯಾರ ನೋಡಿಕೊಂಡೆ. ಶಿವಪುತ್ರ ಅವರು ಕೆಮ್ಮಿದರು. ಅವಳ ತುಟಿ ‘ಹೌದ್ರಿ’ ಎನ್ನಲು ತೆರೆಯುತ್ತಿತ್ತು.

ಆಗ ಹಿಂದೆ ನಿಂತಿದ್ದ ಮುತ್ತಪ್ಪ ಬಗ್ಗಿ, ಗೋಡೆಯಿಂದ ಕಂಪ್ಯೂಟರಿಗೆ ಬಂದಿದ್ದ ವೈರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮುಂದಿನ ಪುಟ ಒತ್ತಿದ. ವೈರಿಲ್ಲದೆಯೂ ಪುಟ ಚೆನ್ನಾಗಿ ತೆರೆದುಕೊಂಡಿತು.

‘ನಿನ್ನೆ ತುಂಬಿಟ್ಟದ್ದರಿ ಸಾಹೇಬ್ರ, ನಾನ ತುಂಬೇನಿ,’ ಎಂದ. ‘ಆ ಹುಡುಗಿನ್ನ ಕೇಳಬ್ಯಾಡ್ರಿ. ನನ್ನ ಕೇಳ್ರಿ.’

ಅಧ್ಯಕ್ಷರು ನನ್ನ ಕಡೆ ನೋಡಿ, ಆಮೇಲೆ ಅವನನ್ನು ಕೇಳಿದರು. ನೀರು, ಕನ್ನಡಿ, ನಾಲ್ಕು ದಿನ, ಎಲ್ಲ ಹೇಳಿದ. ಅವರು ಹದಿನೈದು ದಿನ ಕೊಟ್ಟರು. ಐದನೆಯ ದಿನಕ್ಕೆ ಡಿಶ್‌ಗಳು ಗೋಡೆಯ ಮರೆಯಲ್ಲಿ ಕುಳಿತು ಕೆಲಸ ಮಾಡತೊಡಗಿದ್ದವು. ತರಗತಿ ಉಳಿಯಿತು.

ಮೊದಲು ಕೊಟ್ಟ ತೀರ್ಪನ್ನು ನಾನು ಅಳಿಸಿಲ್ಲ, ಅವನು ಸುಳ್ಳುಗಾರನೇ. ಆದರೆ ನಿತ್ಯ ಸುಳ್ಳು ಹೊರುವವರಿಗೆ ಅದರ ತೂಕ ಗೊತ್ತಿರುತ್ತದೆ, ಯಾರ ತಲೆಯ ಮೇಲೆ ಇಳಿಸಬಾರದೆಂಬುದೂ ಗೊತ್ತಿರುತ್ತದೆ. ಆಯುಷ್ಯವೆಲ್ಲ ಸತ್ಯವಂತರೆನಿಸಿಕೊಂಡು ಬಾಳಿದವರು ಒಂದೇ ಒಂದು ಸುಳ್ಳಿಗೆ ಕೈ ಹಾಕಿದಾಗ, ರೂಢಿಯಿಲ್ಲದ ಆ ಭಾರವನ್ನು ಹದಿನೆಂಟು ವರ್ಷದ ಹುಡುಗಿಯ ತಲೆಗೆ ಹೊರಿಸಿ, ಗಡಿಯಾರ ನೋಡಿಕೊಳ್ಳುತ್ತಾರೆ.